ಬಂಡೆಗೆ ಹೇಳದ ಆಟ

ನಮ್ಮೂರಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಚೆಸ್ ಆಟದಲ್ಲಿ ತಪ್ಪು ಮಾಡಿ ದಕ್ಕಿಸಿಕೊಂಡವರು ಮಾತ್ರ ಯಾರೂ ಇಲ್ಲ. ಊರ ಹಿಂದೆ ಬಂಡೆ ಇದೆಯಲ್ಲ, ಅದು ಬಿಡಬೇಕಲ್ಲ. ಓಗೊಡೋ ಬಂಡೆ ಅಂತ ಅದರ ಹೆಸರು. ಎದುರಿಗೆ ನಿಂತು ಹೆಂಡತಿ ಹೆಸರು ಕೂಗಿದರೆ ಹೆಂಡತಿ ಹೆಸರೇ ವಾಪಸ್ ಬರುತ್ತೆ. ಬೈಗುಳ ಕೂಗಿದರೆ ಬೈಗುಳವೇ ಬರುತ್ತೆ. ಅಷ್ಟರಮಟ್ಟಿಗೆ ಎಲ್ಲ ಊರಿನ ಬಂಡೆಯ ಹಾಗೇ. ಆದರೆ ನೀವು ಆಡಿದ ಚೆಸ್ ನಡೆ ಕೂಗಿದರೆ, ನಡೆ ಸರಿ ಇದ್ದರೆ ಮಾತ್ರ ಹಾಗೇ ವಾಪಸ್ ಬರುತ್ತೆ. ಸರಿ ಇಲ್ಲದಿದ್ದರೆ ನೀವು ಆಡಬೇಕಾಗಿದ್ದ ನಡೆ ಬರುತ್ತೆ. ಅದೂ ನಿಮ್ಮ ದನಿಯಲ್ಲೇ. ಬೇರೆಯವರು ತಪ್ಪು ಎತ್ತಿ ಆಡಿದರೆ ಜಗಳಕ್ಕೆ ಹೋಗಬಹುದು, ನಿಮ್ಮ ದನಿಯೇ ನಿಮ್ಮ ತಪ್ಪು ಹೇಳಿದರೆ ಯಾರ ಮೇಲೆ ಕೈ ಎತ್ತುತ್ತೀರಿ?

ಬಂಡೆಗೆ ಆಟ ಹೇಳೋದಕ್ಕೆ ಕಟ್ಟಳೆ ಇತ್ತು. ಸಂಜೆ ಆಡಿದ ಆಟವನ್ನು ಮಾರನೇ ಬೆಳಿಗ್ಗೆ ಹೇಳಬೇಕು. ಬಿಸಿಲೇರಿ ಕಲ್ಲು ಕಾದರೆ ದನಿ ಒಡೆಯುತ್ತೆ. ಆಡಿದವರಿಬ್ಬರೂ ಜೊತೆಗೇ ಹೋಗಬೇಕು. ಅವನ ನಡೆ ಅವನು ಕೂಗಬೇಕು, ಇವನ ನಡೆ ಇವನು. ನಿಮ್ಮ ನಡೆಯನ್ನು ನಾನು ಕೂಗಿದರೆ ಬಂಡೆ ಗಿಣಿಯ ಹಾಗೆ ಹೇಳಿದ್ದನ್ನೇ ಹೇಳುತ್ತೆ, ತಿದ್ದೋದಿಲ್ಲ. ಆಡದ ನಡೆಯನ್ನು ಕೂಗುವ ಹಾಗಿಲ್ಲ. ಸೋತವನು ಕೊನೆಯಲ್ಲಿ 'ಸೋತೆ' ಅಂತ ಕೂಗಿ ಮುಗಿಸಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದು. ಬಂಡೆಯ ಬುಡದಲ್ಲಿ ಮಾತಿನ ಕಲ್ಲು ಅಂತ ಒಂದು ಚಪ್ಪಡಿ ಇದೆ. ಕೂಗುವ ಮೊದಲು ಇಬ್ಬರೂ ಅದರ ಮೇಲೆ ಕೂತು, ಆಟ ಎಲ್ಲಿ ತಿರುಗಿತು, ನಾನೆಲ್ಲಿ ಎಡವಿದೆ, ನೀನೆಲ್ಲಿ ಎಡವಿದೆ ಅಂತ ತಮ್ಮ ತಮ್ಮ ಲೆಕ್ಕ ಬಾಯಿಬಿಟ್ಟು ಹೇಳಬೇಕು. ಕಂಬಳಿ ಮಾರುತ್ತಿದ್ದ ಈರಜ್ಜ ನಮಗೆಲ್ಲ ಇದನ್ನು ಕಲಿಸಿದವನು. "ಮೊದ್ಲು ನಿನ್ನ ಮಾತು, ಆಮೇಲೆ ಬಂಡೆ ಮಾತು. ನಿನ್ನ ಮಾತೇ ಇಲ್ದೆ ಬಂಡೆ ಮಾತು ಕೇಳಿದ್ರೆ, ಅದು ಕಿವಿ ತನಕ ಹೋಗ್ತೈತೆ, ತಲೆ ತನಕ ಹೋಗಲ್ಲ," ಅನ್ನುತ್ತಿದ್ದ. "ಬಂಡೆ ಏನಾಡ್ಬೇಕು ಅಂತ ಹೇಳ್ತೈತೆ. ಯಾಕೆ ಅಂತ ಹೇಳಲ್ಲ. ಆ ಯಾಕೆಯನ್ನ ನೀನೇ ಹೊತ್ಕೊಂಡು ಮನೆಗೆ ಹೋಗ್ಬೇಕು."

ಹಾಗೆ ಯಾಕೆಯನ್ನು ಹೊತ್ತುಕೊಂಡು ಹೋಗುವವರಲ್ಲಿ ನೂರೆಂಟು ಬಗೆ. ಗೆದ್ದ ಆಟ ಮಾತ್ರ ಹೇಳೋಕೆ ಬರುವವರಿದ್ದರು, ಗೆದ್ದ ಆಟದಲ್ಲೇ ಬಂಡೆ ಹತ್ತು ಕಡೆ ತಿದ್ದಿದಾಗ ಮುಖ ಊದಿಸಿಕೊಂಡು ಇಳಿಯುತ್ತಿದ್ದರು. ಒಂದೇ ನಡೆಯನ್ನು ಮೂರು ಮೂರು ಸಲ ಕೂಗಿ, ಬಂಡೆ ಮನಸ್ಸು ಬದಲಾಯಿಸುತ್ತೇನೋ ಅಂತ ಕಾಯುವವರಿದ್ದರು. ಬಂಡೆ ಹೇಳಿದ ಮೊದಲ ಹತ್ತು ನಡೆ ಬಾಯಿಪಾಠ ಮಾಡಿಕೊಂಡು ಬಂದು, ಎದುರಾಳಿ ನಾಲ್ಕನೇ ನಡೆಗೆ ಬೇರೆ ದಾರಿ ಹಿಡಿದ ಕೂಡಲೇ ಸಂತೆಯಲ್ಲಿ ಕೈತಪ್ಪಿದ ಕೂಸಿನ ಹಾಗೆ ಕಣ್ಣುಕಣ್ಣು ಬಿಡುವವರಿದ್ದರು. ಬಸ್ ಸ್ಟ್ಯಾಂಡ್ ಪಕ್ಕ ಹೋಟೆಲ್ ಇಟ್ಟಿದ್ದ ಹಾಲಮ್ಮನದ್ದು ಮಾತ್ರ ಬೇರೆಯೇ ಪದ್ಧತಿ. ಬಂಡೆ ಅವಳನ್ನು ಮೊದಲ ಸಲ ಜೋರಾಗಿ ತಿದ್ದಿದ ಕೂಡಲೇ ಸೆರಗನ್ನು ಕಿವಿಗೆ ಸುತ್ತಿಕೊಂಡು ಉಳಿದ ನಡೆಗಳನ್ನು ಕೂಗಿ ಮುಗಿಸುತ್ತಿದ್ದಳು. ಕೇಳಿದರೆ, "ಒಂದು ಆಟಕ್ಕೆ ಒಂದೇ ತಪ್ಪು ಹೊತ್ಕೊಂಡು ಬರೋದು ಕಣಪ್ಪ. ಎಲ್ಲಾನೂ ಹೊತ್ಕೊಂಡ್ರೆ ದಾರೀಲಿ ಎಲ್ಲಾನೂ ಚೆಲ್ಲಿ ಬರ್ತೀಯ," ಅನ್ನುತ್ತಿದ್ದಳು. ಊರಿನ ಗಟ್ಟಿ ಆಟಗಾರರಲ್ಲಿ ಅವಳೂ ಒಬ್ಬಳು. ಮಿರ್ಚಿ ಕರಿಯುತ್ತಲೇ ಇಬ್ಬರನ್ನು ಸೋಲಿಸುತ್ತಿದ್ದಳು.

ಬಂಡೆಯ ಕೆಳಗೆ ಕೆರೆ. ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು, ಎಲ್ಲರಿಗೂ ಎಲ್ಲ ಕೇಳಿಸುತ್ತಿತ್ತು. ನಾವು ಗುಡ್ಡ ಇಳಿದು ಹೋಟೆಲಿಗೆ ಬರುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿರುತ್ತಿತ್ತು. "ಏನ್ ತಿಪ್ಪೇಶಿ, ಕುದುರೆ ಮಾರಿದ್ಯಂತೆ? ಎಷ್ಟಕ್ಕೆ ಹೋಯ್ತು?" ಅಂತ ಹಾಲಮ್ಮ ಒಲೆ ಮುಂದಿನಿಂದಲೇ ಕೂಗುತ್ತಿದ್ದಳು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಚಹಾ ಕುಡಿಯದೆ ಎದ್ದುಹೋಗುತ್ತಿದ್ದೆ. ಸಂಜೆಗೆ ಮತ್ತೆ ಅಲ್ಲೇ ಇರುತ್ತಿದ್ದೆ. ಚೆಸ್ ಹಲಗೆ ಇದ್ದಿದ್ದು ಅಲ್ಲಿಯೇ, ಏನು ಮಾಡೋದು?

ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ. ಲಾರಿಗಳ ಭಾರ ಹೊರುವ ಕಮಾನು ಪಟ್ಟಿ ಕಾಯಿಸಿ ಬಡಿಯೋದು ನನ್ನ ಕಸುಬು. ನನ್ನ ಶೆಡ್ಡಿನ ಎದುರಿಗೇ ಖಾಸಗಿ ಬಸ್ಸುಗಳ ನಿಲ್ದಾಣ. ಅಲ್ಲಿ ಬಸ್ಸುಗಳಿಗೆ ಜನ ಕೂಗಿ ಹತ್ತಿಸುತ್ತಿದ್ದವನು ದಾದಾಪೀರ್. ಅವನ ದನಿ ಅಂದರೆ ಊರಿಗೊಂದು ಗಡಿಯಾರ. ಬಲಗೈಯನ್ನು ಕಿವಿಗೆ ಮರೆ ಮಾಡಿ, ಗದ್ದ ಎತ್ತಿ, "ಹೊರಡ್ತೂ ಹೊರಡ್ತೂ, ಹತ್ರೀ..." ಅಂತ ರಾಗ ತೆಗೆದರೆ ಕೆರೆಯಾಚೆ ಬದುವಿನ ಮೇಲೆ ಬರುತ್ತಿದ್ದ ಮುದುಕಿಯೂ ಗಂಟು ತಲೆಗೆ ಹೊತ್ತು ಓಡೋಕೆ ಶುರುಮಾಡುತ್ತಿದ್ದಳು. ಇಪ್ಪತ್ತರ ಹರೆಯದಿಂದ ನಾನೂ ಅವನೂ ಆಡುತ್ತ ಬಂದವರು. ಅವನಿಗೊಂದು ಕೆಟ್ಟ ಚಾಳಿ. ಎದುರಿಗಿದ್ದವನು ಯೋಚನೆ ಮಾಡುತ್ತ ಕೂತರೆ, ಇವನು ಬಾಯೊಳಗೇ "ಹೊರಡ್ತೂ ಹೊರಡ್ತೂ, ಲಾಸ್ಟ್ ಬಸ್ಸು, ಹೊರಡ್ತೂ ಹೊರಡ್ತೂ" ಅಂತ ಗುನುಗುತ್ತಿದ್ದ. ನನಗೆ ತಲೆ ಕೆಟ್ಟು, "ಸುಮ್ನಿರಲೇ ದಾದಾ, ಎಷ್ಟು ಮಾತಾಡ್ತೀಯ!" ಅಂತ ಹಲಗೆ ಕುಟ್ಟುತ್ತಿದ್ದೆ. ಕಾಯಿಗಳೆಲ್ಲ ನೆಗೆದು ಬೀಳುತ್ತಿದ್ದವು. ಅವನು ಒಂದೊಂದನ್ನೂ ನೆನಪಿನಿಂದಲೇ ಸರಿಯಾದ ಮನೆಯಲ್ಲಿ ಇಟ್ಟು, ಮತ್ತೆ ಗುನುಗುತ್ತಿದ್ದ.

ಇನ್ನು ಆ ಆಟದ ವಿಷಯ. ವರ್ಷಕ್ಕೊಂದು ಸಲ ಊರಿನ ಪಂದ್ಯ ನಡೆಯುತ್ತಿತ್ತು. ಆ ವರ್ಷ ಕೊನೆಗೆ ಉಳಿದವರು ನಾವಿಬ್ಬರು. ಹಾಲಮ್ಮನ ಹೋಟೆಲಲ್ಲಿ ನಿಲ್ಲೋಕೆ ಜಾಗ ಇಲ್ಲ, ಕಿಟಕಿ ಸರಳುಗಳಿಗೆ ಜನ ಜೋತುಬಿದ್ದಿದ್ದರು. ಆಟ ಬಿಗಿಯಾಗಿ ಸಾಗಿ, ಇಬ್ಬರಿಗೂ ಕೈಯಾಡಿಸೋಕೆ ಜಾಗವಿಲ್ಲದ ಹಾಗಾಗಿತ್ತು. ಆಗ ನಾನು ನನ್ನ ಆನೆಯನ್ನು ಎತ್ತಿ ನೇರವಾಗಿ ಅವನ ರಾಜನ ಮಗ್ಗುಲಲ್ಲಿದ್ದ ಕಾಲಾಳಿನ ಮೇಲೆ ಬಿಟ್ಟೆ. ಒಂದು ಆನೆ, ಒಂದು ಪುಟಗೋಸಿ ಕಾಲಾಳಿಗೆ! ಕಿಟಕಿಯಲ್ಲಿದ್ದವನೊಬ್ಬ "ಅಯ್ಯಯ್ಯಪ್ಪಾ" ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ. ದಾದಾಪೀರ್ ರಾಜನ ಕೈಯಿಂದಲೇ ಆನೆಯನ್ನು ಹೊಡೆದ. ನನ್ನ ಕುದುರೆ ನೆಗೆದು ಚೆಕ್ ಕೊಟ್ಟಿತು. ರಾಜ ಹಿಂದಕ್ಕೆ ಹೋದರೆ ನನ್ನ ಮಂತ್ರಿ ಬಂದು ಕತೆ ಮುಗಿಸುತ್ತಾನೆ. ಮುಂದಕ್ಕೆ ಅಂದರೆ ಬಟಾಬಯಲು. ಹೊತ್ತು ಮುಳುಗುವ ತನಕ ದಾದಾಪೀರ್ ನೋಡಿದ. ಗುನುಗಲಿಲ್ಲ. ಆಮೇಲೆ ರಾಜನನ್ನು ಮೆಲ್ಲಗೆ ಮಲಗಿಸಿ, "ಸೋತೆ ಕಣ್ಲಾ ತಿಪ್ಪ," ಅಂದ. ಹೋಟೆಲಿಗೆ ಹೋಟೆಲೇ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡಿತು. ಸೂರಿನ ಬೊಂಬು ತಲೆಗೆ ಬಡಿದು ರಕ್ತ ಬಂದಿದ್ದೂ ನನಗೆ ಗೊತ್ತಾಗಲಿಲ್ಲ.

ಮಾರನೇ ಬೆಳಿಗ್ಗೆ ಕಟ್ಟಳೆಯಂತೆ ನಾವಿಬ್ಬರೂ ಗುಡ್ಡ ಹತ್ತಬೇಕಿತ್ತು. ಊರಿನ ಜನ ದಾರಿಗೆ ಅಡ್ಡ ನಿಂತಿದ್ದರು. ಈರಜ್ಜನೇ ಮುಂದೆ. ಕಟ್ಟಳೆ ಕಲಿಸಿದವನೇ ಕಟ್ಟಳೆ ಮುರಿಯೋಕೆ ಬಂದಿದ್ದ. "ಏನಲೇ, ಹುಟ್ಟಿದಾಗಿಂದ ಆಡಿದ್ದನ್ನೆಲ್ಲ ತಿದ್ದಿಸ್ಕೊಂಡು ತಿದ್ದಿಸ್ಕೊಂಡು ನಮ್ಮ ಬೆನ್ನು ಬಾಗೋಗೈತೆ. ಒಂದು ಆಟ ಆದ್ರೂ ಚೆನ್ನಾಗಿರ್ಲಿ ಬಿಡ್ರೋ. ಇದನ್ನ ಬಂಡೆಗೆ ಹೇಳ್ಬ್ಯಾಡ್ರಿ," ಅಂದ. ನಾನು ಬೇಡ ಅನ್ನಲಿಲ್ಲ. ಯಾಕೆ ಅನ್ನಲಿ? ದಾದಾಪೀರನ ಮುಖ ನೋಡಿದರು. ಅವನು ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿ, "ಆಯ್ತಜ್ಜ, ಏಳೂವರೆ ಬಸ್ಸಿಗೆ ಹೊತ್ತಾಯ್ತು," ಅಂತ ನಿಲ್ದಾಣಕ್ಕೆ ಹೊರಟುಹೋದ. ಹಾಗೆ ಊರಲ್ಲಿ ಬಂಡೆಗೆ ಹೇಳದ ಆಟ ಅಂತ ಒಂದು ಉಳಿಯಿತು. ನಾನು ಆನೆ ತಿಪ್ಪೇಶಿ ಆದೆ. ಮದುವೆ ಪತ್ರಿಕೆಯ ಮೇಲೂ ಹಾಗೇ ಬರೆದು ಕೊಡುತ್ತಿದ್ದರು. ಬೇರೆ ಊರಿಂದ ಲಾರಿ ತಂದ ಡ್ರೈವರುಗಳು, "ಆನೆ ಕೊಟ್ಟೋರು ನೀವೇನಾ?" ಅಂತ ಕೇಳಿ ಕೈ ಕುಲುಕುತ್ತಿದ್ದರು. ಬದುಕಿನಲ್ಲಿ ನನ್ನದು ಅಂತ ಹೇಳಿಕೊಳ್ಳೋಕೆ ಆ ಕಮಾನು ಪಟ್ಟಿಗಳ ಜೊತೆ ಇದೊಂದೇ ಇದ್ದಿದ್ದು.

ಆಮೇಲೆ ಫೋನುಗಳು ಬಂದವು. ಫೋನಿನಲ್ಲಿ ಆಟ ತಿದ್ದುವ ಯಂತ್ರ ಬಂತು. ಎಲ್ಲರ ಜೇಬಲ್ಲೂ ಒಂದೊಂದು ಬಂಡೆ. ಗುಡ್ಡ ಹತ್ತೋದು ಬೇಡ, ಕೂಗೋದು ಬೇಡ, ಎದುರಾಳಿಯೂ ಬೇಡ. ಆಟ ಮುಗಿದ ಕೂಡಲೇ ಇಬ್ಬರೂ ಬೆನ್ನು ತಿರುಗಿಸಿ ಕೂತು ಫೋನಿಗೆ ಹಾಕೋರು. ಅದು ಹಸಿರು ಬಾಣ ತೋರಿಸೋದು, ಪ್ಲಸ್ ಎರಡು ಮೈನಸ್ ಮೂರು ಅನ್ನೋದು. "ಎಲ್ಲಿ ಕೆಟ್ಟೆ ಮಾರಾಯ?" ಅಂತ ಕೇಳಿದರೆ, "ಹತ್ತೊಂಬತ್ತನೇ ನಡೇಲಿ ಮೈನಸ್ ಹೋಯ್ತು," ಅನ್ನೋರು. ಯಾಕೆ ಹೋಯ್ತು ಅಂದರೆ ಮುಖ ಮುಖ ನೋಡೋರು. ಫೋನೂ ಸುಳ್ಳು ಹೇಳೋದಿಲ್ಲ, ಬಂಡೆಯೂ ಹೇಳೋದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಮಾತಿನ ಕಲ್ಲಿನ ಮೇಲೆ ಹುಲ್ಲು ಬೆಳೆಯಿತು. ಬೆಳಗಿನ ತಂಪಿನಲ್ಲಿ ಇಬ್ಬರು ಗಂಡಸರು ಪಕ್ಕಪಕ್ಕ ಕೂತು, "ನಾನಿಲ್ಲಿ ಹೆದರಿದೆ ಕಣೋ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಜಾಗ ನಮ್ಮೂರಲ್ಲಿ ಅದೊಂದೇ ಇತ್ತು. ಈರಜ್ಜನೂ ಹೋದ. ಅವನ ಜೊತೆ ಆಡಿದ ಆಟಗಳ ಅರ್ಧ ಭಾಗವನ್ನು ಇನ್ನು ಯಾರೂ ಕೂಗೋಕಾಗಲ್ಲ ಅನ್ನೋದು ನನಗೆ ಅವನನ್ನು ಮಣ್ಣು ಮಾಡಿ ಬರುವಾಗ ಹೊಳೆಯಿತು.

ನಮ್ಮ ಆಟವನ್ನು ಮಾತ್ರ ಯಾರೂ ಫೋನಿಗೆ ಹಾಕಲಿಲ್ಲ. ಹಾಕೋಣ ಅಂದರೂ ಆಗುತ್ತಿರಲಿಲ್ಲ. ಊರಿಗೆ ನೆನಪಿದ್ದಿದ್ದು ಆನೆ ಕೊಟ್ಟಿದ್ದು ಅಷ್ಟೇ. ಮೊದಲಿಂದ ಕೊನೇ ತನಕ ನಡೆಗಳು ಗೊತ್ತಿದ್ದಿದ್ದು ನನಗೆ, ಅವನಿಗೆ.

ಪಂದ್ಯ ಮುಗಿದು ಹದಿನೇಳು ವರ್ಷ ಆಗಿತ್ತು. ಒಂದು ಸೋಮವಾರ ದಾದಾಪೀರ್ ಶೆಡ್ಡಿಗೆ ಬಂದ. ಆ ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿದ್ದ. ಕೆಲವು ವಾರದಿಂದ ನಿಲ್ದಾಣದಲ್ಲಿ ಅವನ ಬದಲು ಬೇರೆ ಯಾರೋ ಕೂಗುತ್ತಿದ್ದರು. ನೆಗಡಿ ಅಂತ ಹೇಳಿದ್ದ. ನಾನು ಕೆಂಪಗೆ ಕಾದ ಪಟ್ಟಿ ಬಡಿಯುತ್ತಿದ್ದೆ. ಅವನು ಏನೋ ಅಂದ. "ಜೋರಾಗಿ ಹೇಳಲೇ, ಹೆಂಗಸರ ಹಂಗೆ ಪಿಸುಗುಟ್ತೀಯಲ್ಲ," ಅಂತ ರೇಗಿದೆ. ಅವನು ನನ್ನ ಕೈಯಿಂದ ಸುತ್ತಿಗೆ ತೆಗೆದು ಕೆಳಗಿಟ್ಟ.

"ಗಂಟಲಲ್ಲಿ ಗಂಟಂತೆ. ಗುರುವಾರ ಕೊಯ್ತಾರೆ. ದನಿ ಪೆಟ್ಟಿಗೇನೇ ತೆಗೀತಾರಂತೆ. ಆಮೇಲೆ ಮಾತಿಲ್ಲ."

"ಯಾವ ಬೋಳಿಮಗ ಡಾಕ್ಟರು ಹಂಗಂದಿದ್ದು?"

"ಡಾಕ್ಟರಮ್ಮ. ಬೈಬ್ಯಾಡ, ಒಳ್ಳೇ ಹೆಣ್ಮಗಳು."

ನಾನು ತಿದಿಯ ಪಕ್ಕದ ಪೆಟ್ಟಿಗೆಯ ಮೇಲೆ ಕೂತೆ. ಅವನೂ ಕೂತ. ಪಟ್ಟಿ ಕಪ್ಪಾಗುತ್ತ ಬಂತು, ಮತ್ತೆ ಕಾಯಿಸೋಕೆ ಕೈ ಏಳಲಿಲ್ಲ. ಅವನೇ ಪಿಸುಗುಟ್ಟಿದ, "ಆ ಆಟ ಬಂಡೆಗೆ ಹೇಳ್ಬೇಕು ತಿಪ್ಪ."

"ಊರು ಬ್ಯಾಡ ಅಂದೈತೆ."

"ಊರಿನ ಗಂಟಲಲ್ಲ ಕೊಯ್ಯೋದು."

ಉತ್ತರ ತೋಚದಿದ್ದಾಗ ನನಗೆ ಸಿಟ್ಟು ಬರುತ್ತೆ. "ಅಷ್ಟು ಚಟ ಇದ್ರೆ ಫೋನಿಗೆ ಹಾಕಿ ನೋಡ್ಕೋ ಹೋಗು. ನನ್ಯಾಕೆ ಎಳೀತೀಯ?" ಅಂದೆ.

"ಫೋನು ನನ್ನ ದನೀಲಿ ಹೇಳ್ತೈತಾ?" ಅಂದ ಅವನು.

ಬುಧವಾರ ಬೆಳಿಗ್ಗೆ ಹೋಗೋದು ಅಂತಾಯಿತು. ಎರಡು ದಿನ ನನಗೆ ಊಟ ಸೇರಲಿಲ್ಲ. ಅವನ ಗಂಟಲಿಗಾಗಿ ಎಷ್ಟು, ನನ್ನ ಆನೆಗಾಗಿ ಎಷ್ಟು ಅಂತ ಕೇಳಬೇಡಿ. ಎರಡೂ ಇತ್ತು.

ಗುಡ್ಡದ ದಾರಿಯಲ್ಲಿ ಅವನು ಮಾತಾಡಲಿಲ್ಲ. ದನಿ ಉಳಿಸಿಕೊಳ್ಳುತ್ತಿದ್ದ. ಅವನ ಹೆಂಡತಿ ಮೆಹಬೂಬಿ ಫ್ಲಾಸ್ಕಿನಲ್ಲಿ ಬಿಸಿನೀರು ಕಳಿಸಿದ್ದಳು, ಅದನ್ನು ಕಂಕುಳಲ್ಲಿ ಕೂಸಿನ ಹಾಗೆ ಅವುಚಿಕೊಂಡಿದ್ದ. ಕೆರೆ ಹತ್ತಿರ ಒಗೆಯುತ್ತಿದ್ದವರು ನಾವಿಬ್ಬರೂ ಹತ್ತೋದನ್ನು ಕಂಡು ಸೀರೆ ಹಿಂಡೋದನ್ನು ನಿಲ್ಲಿಸಿದರು. ಮಾತಿನ ಕಲ್ಲಿನ ಸುತ್ತ ಮುಳ್ಳು ಬೆಳೆದಿತ್ತು. ಕಾಲಿಂದ ಸರಿಸಿ ಕೂತೆವು.

"ಕಟ್ಟಳೆ ಪ್ರಕಾರ ಮೊದ್ಲು ನೀನು ಹೇಳು," ಅಂದ.

"ನಾನೇನ್ ಹೇಳ್ಲಿ? ಆನೆ ಕೊಟ್ಟೆ, ಗೆದ್ದೆ. ನೀನು ಅದಕ್ಕೂ ಮುಂಚೇನೇ ಒಂಟೆ ತಪ್ಪು ಮನೇಲಿ ಇಟ್ಟಿದ್ದೆ. ಅಲ್ಲೇ ಕೆಟ್ಟಿದ್ದು."

ಅವನು ತಲೆಯಾಡಿಸಿದ. "ನಾನು ಸೋತಿದ್ದು ಆನೆಯಿಂದಲ್ಲ, ಒಂಟೆಯಿಂದಲೂ ಅಲ್ಲ. ಸೋತೆ ಅಂದಿದ್ರಿಂದ ಸೋತೆ. ನನಗೊಂದು ನಡೆ ಇತ್ತು ತಿಪ್ಪ."

ಆಮೇಲೆ ಪಿಸುಮಾತಲ್ಲೇ, ನಡುನಡುವೆ ನೀರು ಕುಡಿಯುತ್ತ ಹೇಳಿದ. ಹೋದ ವರ್ಷ ನಿಲ್ದಾಣದಲ್ಲಿ ಎರಡು ಬಸ್ಸು ಒಂದೇ ಸಲ ರಿವರ್ಸ್ ಬರುತ್ತಿದ್ದವಂತೆ. ನಡುವೆ ಒಬ್ಬ ಬುಟ್ಟಿಯವಳು ಸಿಕ್ಕಿಹಾಕಿಕೊಂಡಳು. ಎಲ್ಲರೂ ಹಿಂದಕ್ಕೆ ಹೋಗು ಹಿಂದಕ್ಕೆ ಹೋಗು ಅಂತ ಅರಚಿದರಂತೆ, ಇವನೂ ಅರಚಿದನಂತೆ. ಅವಳು ಹಿಂದಕ್ಕೆ ಹೋಗಲಿಲ್ಲ. ಬುಟ್ಟಿ ಸಮೇತ ಒಂದು ಹೆಜ್ಜೆ ಮುಂದಕ್ಕಿಟ್ಟು, ಬಸ್ಸಿನ ಮೂಲೆ ದಾಟಿ ಬಯಲಿಗೆ ಬಂದು ನಿಂತುಬಿಟ್ಟಳು. "ಅವತ್ತು ಮಧ್ಯಾಹ್ನ ಊಟ ಮಾಡ್ಲಿಲ್ಲ ನಾನು. ರಾಜ ಹಿಂದಕ್ಯಾಕೆ ಹೋಗ್ಬೇಕು? ಒಂದು ಮನೆ ಮುಂದಕ್ಕೆ ನಡೆದ್ರೆ? ಬಯಲು ಬಯಲು ಅಂತ ಹೆದರಿದ್ದೇ ಬಂತು. ಬಯಲಲ್ಲಿ ನಿನ್ನ ಮಂತ್ರಿಗೆ ಚೆಕ್ಕೇ ಸಿಗಲ್ಲ ನೋಡು."

ನಾನು ಕಣ್ಣು ಮುಚ್ಚಿ ಹಲಗೆಯನ್ನು ತಲೆಯೊಳಗೆ ಹರಡಿದೆ. ರಾಜನನ್ನು ಒಂದು ಮನೆ ಮುಂದಕ್ಕಿಟ್ಟು ನೋಡಿದೆ. ಮಂತ್ರಿಯನ್ನು ಅಲ್ಲಿ ತಂದೆ, ಇಲ್ಲಿ ತಂದೆ. ಎಲ್ಲೂ ಚೆಕ್ ಸಿಗಲಿಲ್ಲ. ಅದನ್ನು ಮಾತ್ರ ಒಪ್ಪಲಿಲ್ಲ.

"ಆಡ್ದೇ ಇದ್ದ ನಡೆ ಕೂಗೋ ಹಂಗಿಲ್ಲ," ಅಂದೆ.

"ಅದಕ್ಕೇ ನಿನ್ನ ಕೇಳ್ತಿರೋದು. ಸೋತೆ ಅಂದ ಮಾತು ವಾಪಸ್ ತಗೊಳ್ತೀನಿ. ನೀನು ಹೂಂ ಅಂದ್ರೆ ಅದು ಆಡಿದ ನಡೆ ಆಗ್ತೈತೆ."

"ಏನು ಹುಡುಗಾಟ್ಕೆ ಇದು!" ನಾನು ಎದ್ದು ನಿಂತೆ. "ಹದಿನೇಳು ವರ್ಷ ಆದ್ಮೇಲೆ ವಾಪಸ್ಸಾ? ಹೊರಟೋದ ಬಸ್ಸಿಗೆ ಈಗ ಬಂದು ಹತ್ತುತ್ತೀನಿ ಅಂತೀಯಲ್ಲ!"

"ಹೊರಟ ಬಸ್ ಹೆಂಗೆ ನಿಲ್ಲಿಸ್ಬೇಕು ಅಂತ ನನಗೆ ಹೇಳ್ಕೊಡ್ತೀಯಾ?" ಅಂತ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲೋ ತನಕ ನಾನು ಅವನ ಬೆನ್ನು ನೀವಿದೆ. ಆಮೇಲೆ ಅವನು, "ಅಲ್ಲಿ ತನಕ ಕೂಗಾಣ. ಅಲ್ಲಿಗೆ ಬಂದಾಗ ನಿನ್ನಿಷ್ಟ," ಅಂದ.

ಕೂಗಲು ಶುರುಮಾಡಿದೆವು. "ರಾಜನ ಕಾಲಾಳು ಎರಡು ಮನೆ!" ನನ್ನ ದನಿ ಹೋಗಿ ಬಂಡೆಗೆ ಬಡಿದು ಹಾಗೇ ವಾಪಸ್ ಬಂತು. ಅವನ ದನಿ ಮೊದಲಿಗೆ ಚೆನ್ನಾಗಿಯೇ ಇತ್ತು, ಒರಟು, ಆದರೆ ಗಟ್ಟಿ. ಎಷ್ಟು ವರ್ಷ ಆಗಿತ್ತೋ ಇಬ್ಬರೂ ಅಲ್ಲಿ ನಿಂತು. ಒಂದೊಂದು ನಡೆ ಕೂಗಿದ ಹಾಗೂ ಆ ದಿನದ ಹೋಟೆಲಿನ ಒಗ್ಗರಣೆ ವಾಸನೆ, ಕಿಟಕಿಯಲ್ಲಿದ್ದವರ ಬೆವರು, ಈರಜ್ಜನ ಕಂಬಳಿ ಎಲ್ಲ ಒಂದೊಂದಾಗಿ ಬಂದು ಕೂರುತ್ತಿದ್ದವು. ಬಂಡೆ ನನ್ನನ್ನು ಅಲ್ಲಲ್ಲಿ ತಿದ್ದಿತು, ಅವನನ್ನೂ ತಿದ್ದಿತು. ಒಂಟೆಯ ನಡೆ ಬಂದಾಗ ಬಂಡೆ ಅವನ ಒಂಟೆಯನ್ನು ಅವನಿಟ್ಟ ಮನೆಯಲ್ಲೇ ಇಟ್ಟು ವಾಪಸ್ ಕಳಿಸಿತು. ಅವನು ಹುಬ್ಬು ಹಾರಿಸಿ ನನ್ನ ಕಡೆ ನೋಡಿದ. ನಾನು ಕೆರೆಯ ಕಡೆ ನೋಡಿದೆ.

ನಡೆಗಳು ಸಾಗಿದ ಹಾಗೆ ಅವನ ದನಿ ಸವೆಯುತ್ತ ಬಂತು. ನೀರು ಕುಡಿಯುತ್ತಿದ್ದ, ಕೂಗುತ್ತಿದ್ದ, ಮೊಣಕಾಲಿಗೆ ಕೈ ಊರಿ ಉಸಿರು ತೆಗೆದುಕೊಳ್ಳುತ್ತಿದ್ದ. ನನ್ನ ಆನೆಯ ಸರದಿ ಬಂತು. ಅವನು ಕಾದ. ಕೊನೆಗೆ ಹಲ್ಲು ಕಚ್ಚಿ ಕೂಗಿದೆ, "ಆನೆ ಕಾಲಾಳು ಹೊಡೀತು!"

ಬಂಡೆ ನನ್ನ ದನಿಯಲ್ಲಿ, ನನ್ನಷ್ಟೇ ಸಿಟ್ಟಿನಲ್ಲಿ ಅಂದಿತು: "ಒಂಟೆ ಒಂದು ಮನೆ ಹಿಂದಕ್ಕೆ!"

ಒಂಟೆ ಒಂದು ಮನೆ ಹಿಂದಕ್ಕೆ! ಊರು ಹೊತ್ತು ಮೆರೆಸಿದ ಆನೆಗೆ ಬಂಡೆ ಕಟ್ಟಿದ ಬೆಲೆ ಅದು. ಬಂಡೆ ಮನಸ್ಸು ಬದಲಾಯಿಸೋದಿಲ್ಲ ಅಂತ ಗೊತ್ತಿದ್ದೂ ಇನ್ನೊಂದು ಸಲ ಕೂಗಿದೆ. ಮತ್ತೆ ಅದೇ ಒಂಟೆ, ಅದೇ ಹಿಂದಕ್ಕೆ. ಕಲ್ಲೊಂದು ತಗೊಂಡು ಬಂಡೆಗೆ ಬೀಸಿದೆ. ತಿರುಗಿದರೆ ದಾದಾಪೀರನ ಹೆಗಲು ಕುಲುಕುತ್ತಿತ್ತು. ದನಿಯಿಲ್ಲದೆ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಗಬೇಕಾಯಿತು. ಏನು ಮಾಡಲಿ? ಅಷ್ಟು ವರ್ಷ ಕೀಳಿಸೋಕೆ ಹೆದರಿಕೊಂಡಿದ್ದ ಹಲ್ಲು ಕಿತ್ತ ಮೇಲೆ ಬಾಯಿ ಖಾಲಿಯಾದ ಹಾಗಿತ್ತು, ನೋವೇನೂ ಇರಲಿಲ್ಲ.

"ರಾಜ ಆನೆ ಹೊಡೀತು," ಅಂತ ಅವನು ಕೂಗಿದ. ದನಿ ಒಡೆದು ಎರಡಾಗಿತ್ತು. ಹಾಗೇ ವಾಪಸ್ ಬಂತು. ನಾನು ಕುದುರೆ ಕೂಗಿ ಚೆಕ್ ಅಂದೆ. ಅದೂ ಹಾಗೇ ಬಂತು.

ಈಗ ಅವನ ಸರದಿ. ಕಟ್ಟಳೆ ಪ್ರಕಾರ ಅವನು 'ಸೋತೆ' ಅನ್ನಬೇಕು. ಅವನು ಬಂಡೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಸುಮ್ಮನಿದ್ದಿದ್ದರೆ ನಾನು ಗೆದ್ದೇ ಇರುತ್ತಿದ್ದೆ. ಆನೆ ತಪ್ಪಾದರೇನು, ಗೆಲುವು ಗೆಲುವೇ. ಅವನು ಬಾಯಿಬಿಟ್ಟು ಬೇಡುವವನಲ್ಲ, 'ಸೋತೆ' ಅಂತಲೇ ಕೂಗಿ ಗುಡ್ಡ ಇಳಿಯುತ್ತಿದ್ದ. ಮಾರನೇ ದಿನ ಅವನ ಗಂಟಲು ಕೊಯ್ಯುತ್ತಿದ್ದರು. ಅವನ ದನಿಯ ಕೊನೇ ಮಾತು 'ಸೋತೆ' ಆಗುತ್ತಿತ್ತು.

"ಆಡಲೇ," ಅಂದೆ. "ಏನ್ ನನ್ನ ಮುಖ ನೋಡ್ತೀಯ? ನಿನ್ನ ಸರದಿ. ಆಡು."

ಅವನು ಬಾಯಿ ತೆರೆದ. ಗಾಳಿ ಮಾತ್ರ ಬಂತು. ಬಂಡೆ ಸುಮ್ಮನಿತ್ತು. ನೀರು ಕುಡಿದು ಇನ್ನೊಮ್ಮೆ ಕೂಗಿ ನೋಡಿದ. ಗೊರಗೊರ ಅಂತ ಏನೋ ಹೊರಟು ಅರ್ಧ ದಾರಿಗೇ ಬಿತ್ತು. ನಾನು, "ಸಾಕು ಬಿಡೋ ಮಾರಾಯ, ನಡೆ ಸರಿ ಐತೆ, ನಾನೇ ಒಪ್ಕೊಂಡೆ," ಅಂದೆ. ಅವನು ಬೇಡ ಅಂತ ಕೈ ತೋರಿಸಿದ. ಫ್ಲಾಸ್ಕ್ ಕೆಳಗಿಟ್ಟ. ಮಫ್ಲರ್ ಬಿಚ್ಚಿ ಅದರ ಮೇಲೆ ಹಾಕಿದ. ಬಲಗೈಯನ್ನು ಕಿವಿಗೆ ಮರೆ ಮಾಡಿದ, ಗದ್ದ ಎತ್ತಿದ. ನಿಲ್ದಾಣದಲ್ಲಿ ಕೊನೇ ಬಸ್ಸಿಗೆ ಜನ ಕರೆಯುವಾಗ ನಿಲ್ಲುತ್ತಿದ್ದ ಹಾಗೆ ನಿಂತು, ಅದೇ ರಾಗದಲ್ಲಿ ಎಳೆದು ಕೂಗಿದ.

"ರಾಜಾ... ಒಂದ್ ಮನೇ... ಮುಂದಕ್ಕೇ..."

ಕೆರೆಯ ಹತ್ತಿರದವರೆಲ್ಲ ತಲೆ ಎತ್ತಿ ನಿಂತಿದ್ದರು. ಬಂಡೆ ಅವತ್ತು ಯಾಕೋ ತಡ ಮಾಡಿತು, ಅಥವಾ ನನಗೆ ಹಾಗನ್ನಿಸಿತು. ಆಮೇಲೆ ಬಂತು. "ರಾಜಾ... ಒಂದ್ ಮನೇ... ಮುಂದಕ್ಕೇ..." ಒಂದಕ್ಷರ ಬದಲಾಗಿರಲಿಲ್ಲ. ಆ ಒಡಕು, ಆ ರಾಗ, ಕೊನೆಯಲ್ಲಿ ಎಳೆದ ಎಳೆತ, ಎಲ್ಲ ಅವನದೇ. ಸರಿಯಾದ ನಡೆ ತಾನೇ, ಹಾಗೇ ಬರಬೇಕು. ಅವನು ಕಿವಿಯ ಮೇಲಿನ ಕೈ ತೆಗೆಯದೆ, ದನಿ ಗುಡ್ಡದ ಆಚೆಗೆ ಇಳಿದು ಹೋಗೋ ತನಕ ಕೇಳಿಸಿಕೊಂಡ. ನನಗೆ ಸಿಟ್ಟು ಬಂದಾಗ ಕಿವಿ ಬಿಸಿಯಾಗುತ್ತೆ. ಅವತ್ತೂ ಬಿಸಿಯಾಗಿತ್ತು. ಅದು ಸಿಟ್ಟಲ್ಲ.

ಆಮೇಲೆ ಅವನು ನನ್ನ ಕಡೆ ತಿರುಗಿ, ಬಂಡೆಯ ಕಡೆ ಗದ್ದ ಚಾಚಿದ. ನಿನ್ನ ಸರದಿ ಅಂತ. ಹೌದು, ಆಟ ಈಗ ಮುಗಿದಿರಲಿಲ್ಲವಲ್ಲ. ನಾನು ಏನಾದರೊಂದು ಕೂಗಿದ್ದರೆ ಸಾಕಿತ್ತು, ಬಂಡೆ ತಿದ್ದಿ ಸರಿಯಾದ ನಡೆ ಕೈಗೆ ಕೊಡುತ್ತಿತ್ತು. ಬಾಯಿ ತೆರೆದವನು ಮುಚ್ಚಿಕೊಂಡೆ. "ಮೊದ್ಲು ನನ್ನ ಮಾತು, ಆಮೇಲೆ ಬಂಡೆ ಮಾತು," ಅಂದೆ. "ಕೆಳಗೆ ಹಲಗೆ ಮೇಲೆ ಆಡ್ತೀನಿ. ಯೋಚ್ನೆ ಮಾಡಿ ಆಡ್ತೀನಿ. ಆಸ್ಪತ್ರೆಯಿಂದ ಬಾ ನೀನು."

ನಾವು ಹೋಟೆಲಿಗೆ ಬರುವಷ್ಟರಲ್ಲಿ ಸುದ್ದಿ ಯಥಾಪ್ರಕಾರ ಬಂದು ಕೂತಿತ್ತು. ಹಾಲಮ್ಮ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಆನೆ ಕೊಟ್ಟಿದ್ದು ತಪ್ಪಂತೆ?"

"ತಪ್ಪು."

"ಒಂಟೆ ಹಿಂದಕ್ಕಿಡ್ಬೇಕಿತ್ತಂತೆ?"

"ತಪ್ಪು ಅಂದೆನಲ್ಲ, ಎಷ್ಟು ಸಲ ಕೇಳ್ತೀಯವ್ವ!"

ಅವಳು ಸೌಟಿನ ಎಣ್ಣೆ ಕೊಡವಿದಳು. "ಒಂಟೆ ಹಿಂದಕ್ಕಿಟ್ಟಿದ್ರೆ ಅವತ್ತು ಯಾರೂ ನಿನ್ನ ಹೆಗಲ ಮೇಲೆ ಎತ್ಕೊಳ್ತಿರ್ಲಿಲ್ಲ ಬಿಡು," ಅಂತ ಹೇಳಿ, ದಾದಾಪೀರನಿಗೆ ಕೇಳದೆಯೇ ಬೆಚ್ಚಗಿನ ಹಾಲು ತಂದಿಟ್ಟಳು. ಊರು ನನ್ನ ಹೆಸರನ್ನೂ ಬದಲಾಯಿಸಲಿಲ್ಲ. ಈಗಲೂ ಆನೆ ತಿಪ್ಪೇಶಿಯೇ. ಒಂಟೆ ತಿಪ್ಪೇಶಿ ಅಂತ ಒಬ್ಬ ಅಂದು ನೋಡಿದ, ಅವನ ಲಾರಿಯ ಪಟ್ಟಿಯನ್ನು ನಾನು ಒಂದು ವಾರ ಮುಟ್ಟಲಿಲ್ಲ.

ದಾದಾಪೀರ್ ಆಸ್ಪತ್ರೆಯಿಂದ ವಾಪಸ್ ಬಂದ, ಕೊರಳಲ್ಲಿ ತೂತು ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು. ನಿಲ್ದಾಣದಲ್ಲಿ ಈಗ ಟೇಪು ಹಾಕಿದ್ದಾರೆ, ಯಾವುದೋ ಹೆಣ್ಣಿನ ದನಿ, ಎಲ್ಲ ಊರಿನ ಹೆಸರನ್ನೂ ಒಂದೇ ಸಮ ಹೇಳುತ್ತೆ. ಅದಕ್ಕೆ ಯಾರೂ ಓಡೋದಿಲ್ಲ. ಸಂಜೆ ಹೊತ್ತು ನಾನು ಶೆಡ್ಡು ಮುಚ್ಚಿ ಹಾಲಮ್ಮನ ಹೋಟೆಲಿಗೆ ಹೋಗುತ್ತೇನೆ. ಕಿಟಕಿ ಪಕ್ಕದ ಮೇಜಿನ ಮೇಲೆ ಆ ಆಟ ಹಾಗೇ ಇದೆ. ಬಯಲಿಗೆ ಬಂದು ನಿಂತ ಅವನ ರಾಜ, ದಾರಿ ತಪ್ಪಿದ ನನ್ನ ಕುದುರೆ. ಆ ಮೇಜು ಒರೆಸೋಕೆ ಹಾಲಮ್ಮ ಯಾರನ್ನೂ ಬಿಡೋದಿಲ್ಲ. ಅವಳ ಅಳಿಯ ಒಂದು ದಿನ ಫೋನ್ ತಂದು, "ಮಾಮ, ಒಂದು ಫೋಟೋ ಹೊಡೆದ್ರೆ ಸಾಕು, ನಿಮ್ಮ ನಡೆ ಯಾವುದು ಅಂತ ಈಗ್ಲೇ ಹೇಳ್ತೈತೆ," ಅಂದ. "ಫೋನ್ ಕೆರೆಗೆ ಎಸೀತೀನಿ, ಹಿಂದೇನೇ ನಿನ್ನೂ ಎಸೀತೀನಿ," ಅಂದೆ. ಎರಡು ಮಳೆಗಾಲ ಕಳೆಯಿತು, ನನಗಿನ್ನೂ ನಡೆ ಸಿಕ್ಕಿಲ್ಲ. ಇವತ್ತಲ್ಲ ನಾಳೆ ಸಿಗುತ್ತೆ. ಅವಸರ ಏನು?

ಅವನಿಗೆ ಅವಸರ. ನಾನು ತಲೆಗೆ ಕೈ ಕೊಟ್ಟು ಯೋಚಿಸುತ್ತ ಕೂತರೆ, ಎದುರಿಗೆ ಕೂತು ಉಗುರಿನಿಂದ ಮೇಜಿನ ಅಂಚನ್ನು ಕುಟ್ಟುತ್ತಾನೆ. ಟಕಟಕ್, ಟಕಟಕ್, ಟಕ್ ಟಕ್ಕು. ಟಕಟಕ್, ಟಕಟಕ್. ಹೊರಡ್ತೂ ಹೊರಡ್ತೂ, ಲಾಸ್ಟ್ ಬಸ್ಸು. ಎಷ್ಟು ಹೊತ್ತು ಅಂತ ತಡ್ಕೊಳ್ಳೋದು? ನೆನ್ನೆಯೂ ಹಲಗೆ ಕುಟ್ಟಿದೆ. ಕಾಯಿಗಳೆಲ್ಲ ನೆಗೆದು ಬಿದ್ದವು. ಅವನು ಒಂದೊಂದಾಗಿ ಎತ್ತಿ ಅದರದರ ಮನೆಯಲ್ಲಿ ಇಟ್ಟ, ರಾಜನನ್ನು ಒಂದು ಮನೆ ಮುಂದಕ್ಕೆ. ಇಟ್ಟು ಮುಗಿಸಿ ಮತ್ತೆ ಶುರುಮಾಡಿದ.

"ಸುಮ್ನಿರಲೇ ದಾದಾ," ಅಂತ ರೇಗಿದೆ, "ಎಷ್ಟು ಮಾತಾಡ್ತೀಯ!"